ಎರಡನೇ ಗೆರೆ

ಶ್ರೀನಿವಾಸಪುರ
22-9-2024, ಭಾನುವಾರ

ಶ್ರೀ ನರೇಶ್ ಅವರಿಗೆ,

‘ಅವರಿಗೆ’ ಎಂದು ಒಂದು ಸಲ ಬರೆದದ್ದು ಸಾಕು. ನೀನು ನನ್ನ ಮಗಳು ಸುನಂದಾಗಿಂತ ಚಿಕ್ಕವನು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿದವಳಿಗೆ ಬಹುವಚನ ಬೇಗ ಸುಸ್ತು ಮಾಡುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ನಮ್ಮವರ ಮಂಚದ ಪಕ್ಕದ ಕಿಟಕಿಯಲ್ಲಿ ಮಾತ್ರ. ಹೋದ ವಾರದವರೆಗೂ ಅಲ್ಲೇ ನಿಂತು ಬಂಧು ಬಳಗಕ್ಕೆಲ್ಲ ಅವರ ಬೆನ್ನಿನ ಹುಣ್ಣು, ಮೂಗಿನ ಟ್ಯೂಬು, ಡಾಕ್ಟರು ಕೈಚೆಲ್ಲಿದ್ದು ಎಲ್ಲ ಹೇಳುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಅವರಿಗೆ ಕೇಳಿಸುತ್ತದೆ ಅಂತ ಗೊತ್ತಾದ ಮೇಲೆ ಅವರೆದುರಿಗೇ ಅವರ ಸುದ್ದಿ ಆಡುವುದು ಹೇಗೆ? ಅದಕ್ಕೇ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ.

ಬುಧವಾರ ನೀನು ನಿಮ್ಮ ಲ್ಯಾಬಿನ ಆ ಪರೀಕ್ಷೆಯ ಪೆಟ್ಟಿಗೆ ಕಟ್ಟಿಕೊಂಡು ಕೋಲಾರದ ಬಸ್ಸಿಗೆ ಓಡಿದೆ. ನನಗೆ ಕೇಳುವುದು ನೂರು ಇತ್ತು, ಹಾಗೇ ಉಳಿಯಿತು. ಹೋದ ವರ್ಷ ಜೂನಿನಲ್ಲಿ ಬಾದಾಮಿ ಮಾವಿನ ಮರದಿಂದ ಬಿದ್ದ ಮೇಲೆ ನಮ್ಮ ಯಜಮಾನರು ಕಣ್ಣು ಬಿಡುತ್ತಾರೆ, ಮುಚ್ಚುತ್ತಾರೆ, ಅಷ್ಟೇ. ಅವತ್ತು ಕಾಯಿ ಕೀಳುವ ಆಳುಗಳೆಲ್ಲ ಹೊರಟುಹೋಗಿದ್ದರು. ಇವರಾಗಿ ಇವರೇ ಹತ್ತಿದ್ದು. ಹದಿನೈದು ತಿಂಗಳು ಗೋಡೆಗೆ ಮಾತಾಡಿದ ಹಾಗೆ ಮಾತಾಡಿದ್ದೇನೆ.

ನೀನು ಆಗಸ್ಟಿನಲ್ಲಿ ಮೊದಲ ಸಲ ಬಂದಾಗ, ಅವರ ಕೈಗೂ ನನ್ನ ಕೈಗೂ ಒಂದೊಂದು ರಬ್ಬರ್ ಉಂಡೆ ಕೊಟ್ಟು, ಹೆಸರು ಹಿಡಿದು ಕರೆಯಿರಿ ಅಂತ ಅಂಗಲಾಚಿದೆ. ಮದುವೆಯಾಗಿ ಮೂವತ್ತಾರು ವರ್ಷ ‘ಏಮಯ್ಯಾ’ ಬಿಟ್ಟರೆ ಬೇರೆ ಕರೆದವಳಲ್ಲ ನಾನು. ಅವತ್ತೂ ಹಾಗೇ ಕರೆದೆ. ನಿನ್ನ ಕಂಪ್ಯೂಟರಿನ ಪರದೆಯಲ್ಲಿ ಅವರ ಗೆರೆ ಮಲಗಿದ್ದು ಮಲಗಿದಂತೇ ಇತ್ತು. ನಿನ್ನ ತಂತಿಗೆ ಅನುಕೂಲ ಅಂತ ಮಂಚವನ್ನು ಬೇರೆ ತಿರುಗಿಸಿದ್ದೆ. ಪಕ್ಕದ ಮನೆ ಅಶ್ವತ್ಥಮ್ಮ ನೋಡಿ, “ಉತ್ತರಕ್ಯಾಕಮ್ಮಾ ತಲೆ ಹಾಕ್ಸಿದ್ದೀಯ, ಹೆಣ ಮಲಗಿಸ್ದಂಗೆ?” ಅಂದಳು. ಅದು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಈ ಸಲ ಮಂಚ ಮುಟ್ಟಬೇಡ ಅಂದೆ. ನೀನು ಗೊಣಗುತ್ತಾ ಜಗಲಿಗೆ ಹೋಗಿ ಉದ್ದದ ಹೊಸ ತಂತಿ ಹಾಕಿಕೊಂಡು ಬಂದೆ.

ನಾನು ಅವರ ಹೆಸರು ಹಿಡಿದೆ. ಕೋದಂಡರಾಮಪ್ಪ, ನಾನು ಭಾರತಿ, ಕೇಳಿಸಿದರೆ ಕೈ ಒತ್ತಿ, ಅಂದೆ. ಕೇಳಿದ್ದು ಮುಗಿಯಿತು ಅಂತ ತಿಳಿಸಲು ನನ್ನ ಕೈಯ ರಬ್ಬರ್ ಉಂಡೆಯನ್ನು ನೀನು ಹೇಳಿಕೊಟ್ಟಂತೆ ಒತ್ತಿದೆ. ಮೇಲೆ ನನ್ನ ಗೆರೆ ಎದ್ದಿತು. ಕೆಳಗೆ ಅವರ ಗೆರೆಯೂ ಎದ್ದಿತು! ಅವರ ಬೆರಳು ಆಡಿದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ಕಣ್ಣಿಗೆ ಕಾಣದಷ್ಟು ಒತ್ತಿದರೂ ಪೆಟ್ಟಿಗೆಗೆ ಗೊತ್ತಾಗುತ್ತದೆ ಅಂದೆ ನೀನು.

ಅದು ಹೇಗೆ ಗೊತ್ತಾಗುತ್ತದೆ? ನನಗೆ ಅರ್ಥವಾಗುವಂತೆ ಬರಿ. ಅವರಿಗೆ ಓದಿ ಹೇಳುತ್ತೇನೆ.

ಆಶೀರ್ವಾದಗಳೊಂದಿಗೆ,
ಭಾರತಮ್ಮ


ಕೋಲಾರ
1-10-2024

ಭಾರತಮ್ಮನವರಿಗೆ ನರೇಶ್ ಮಾಡುವ ನಮಸ್ಕಾರಗಳು.

ಅಮ್ಮ, ನನ್ನ ಹೆಸರಿಗೆ ಕೈಬರಹದ ಕಾಗದ ಬಂದದ್ದು ನಮ್ಮ ಲ್ಯಾಬಿನಲ್ಲಿ ದೊಡ್ಡ ಸುದ್ದಿಯಾಯಿತು. ಹುಡುಗಿ ಯಾರು ಅಂತ ಎಲ್ಲರೂ ಕಾಡಿಸಿದರು. ಅಂಗನವಾಡಿ ಟೀಚರ್ ಅಂದೆ, ಆಗ ಸುಮ್ಮನಾದರು.

ಪೆಟ್ಟಿಗೆಯ ವಿಷಯ ಕೇಳಿದ್ದೀರಿ. ಯಾರೂ ಕೇಳುವುದಿಲ್ಲ, ಅದಕ್ಕೇ ಖುಷಿಯಾಯಿತು. ಅದರಲ್ಲಿ ಹೊರಗೆ ಹೋಗುವ ದಾರಿ ಒಂದಿದೆ, ಒಳಗೆ ಬರುವ ದಾರಿಗಳಿವೆ. ಕಂಪ್ಯೂಟರಿನಿಂದ ಸಣ್ಣ ಕರೆಂಟು ಹೊರಗೆ ಹೋಗಿ ಅಪ್ಪಾಜಿಯವರ ಕಿವಿಯ ಇಯರ್‌ಫೋನಿನಲ್ಲಿ ‘ಟುಂಯ್’ ಅನ್ನುತ್ತದಲ್ಲ, ಅದು ಅನಲಾಗ್ ಔಟ್‌ಪುಟ್. ‘ಇನ್ನು ಮಾತು ಬರುತ್ತದೆ, ಎಚ್ಚರವಾಗಿರಿ’ ಅಂತ ಅದರ ಅರ್ಥ. ರಬ್ಬರ್ ಉಂಡೆ ಒತ್ತಿದಾಗ ಒಳಗಿನ ಗಾಳಿಯ ಒತ್ತಡ ಕರೆಂಟಾಗಿ ಒಳಗೆ ಬರುತ್ತದೆ. ಅದು ಅನಲಾಗ್ ಇನ್‌ಪುಟ್. ಮೊದಲನೆಯ ದಾರಿ ನಿಮ್ಮ ಕೈಯದು, ಎರಡನೆಯದು ಅಪ್ಪಾಜಿಯವರದು.

ಬರೀ ಸ್ವಿಚ್ ಇಟ್ಟಿದ್ದರೆ ಒತ್ತಿದರು, ಒತ್ತಲಿಲ್ಲ ಅಂತ ಎರಡೇ ಮಾತು. ನಮಗೆ ಎಷ್ಟು ಒತ್ತಿದರು, ಯಾವಾಗ ಒತ್ತಿದರು ಅನ್ನುವುದೂ ಬೇಕು. ಇರುವೆ ನಡೆದಷ್ಟು ಅಲುಗಿದರೂ ಗೆರೆಯಲ್ಲಿ ಕಾಣಬೇಕು. ಪೆಟ್ಟಿಗೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಅವತ್ತು ಕೆಳಗಿನ ಗೆರೆ ಎದ್ದದ್ದು ನನಗೂ ಮೊದಲ ಸಲ. ಇಲ್ಲಿಯವರೆಗೆ ಹನ್ನೊಂದು ಮನೆಗೆ ಹೋಗಿದ್ದೇವೆ. ಎಲ್ಲೂ ಎದ್ದಿರಲಿಲ್ಲ. ಜಗಲಿಗೆ ಬಂದು ಕಣ್ಣು ಒರೆಸಿಕೊಂಡದ್ದನ್ನು ನೀವು ನೋಡಲಿಲ್ಲ ಅಂದುಕೊಂಡಿದ್ದೇನೆ. ನಮ್ಮ ಮುಖ್ಯಸ್ಥರು ಅನಿತ ಮೇಡಂ ಇನ್ನೂ ಪೂರ್ತಿ ಪರಿಶೀಲಿಸಬೇಕು. ಅಲ್ಲಿಯವರೆಗೆ ಡಾಕ್ಟರಿಗೆ ಹೇಳಬೇಡಿ.

ಮಾಲೂರಿನಲ್ಲಿ ನಮ್ಮಮ್ಮನಿಗೆ ನಿಮ್ಮ ವಿಷಯ ಹೇಳಿದೆ. ಆಂಜಿನಮ್ಮ ಅಂತ ಅವರ ಹೆಸರು. ನಿಮಗೂ ಅಪ್ಪಾಜಿಗೂ ನಮಸ್ಕಾರ ಹೇಳಿದ್ದಾರೆ.

ಇಂತಿ,
ನರೇಶ್


ಶ್ರೀನಿವಾಸಪುರ
17-10-2024

ಪ್ರೀತಿಯ ನರೇಶ್,

ನಿನ್ನ ಕಾಗದವನ್ನು ಅವರಿಗೆ ಎರಡು ಸಲ ಓದಿದೆ. ಕಣ್ಣು ಒರೆಸಿಕೊಂಡದ್ದನ್ನು ನೋಡಿದ್ದೆ ಕಣಪ್ಪ.

ಸುನಂದ ಬಂದು ಹೋದಳು. ಅವಳು ತಾನೇ ನೋಡಿಕೊಂಡ ಹುಡುಗನನ್ನು ಮದುವೆಯಾದಾಗಿನಿಂದ ನಾಲ್ಕು ವರ್ಷ ಅಪ್ಪ ಮಗಳಿಗೆ ಮಾತಿರಲಿಲ್ಲ. ಅವರು ಬಿದ್ದ ಮೇಲೆ ಬರುತ್ತಾಳೆ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಹೋಗುತ್ತಾಳೆ. ಈ ಸಲ ಹೇಳಿದೆ: “ಅವರಿಗೆ ಕೇಳ್ಸುತ್ತೆ ಕಣೇ. ಕೈ ಒತ್ತಿದ್ರು. ಹೋಗು, ಮಾತಾಡು.” ಮೊದಲು ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ಆಮೇಲೆ ಕುರ್ಚಿಯನ್ನು ಮಂಚಕ್ಕೆ ಎಳೆದುಕೊಂಡು ಅವರ ಕಿವಿಗೆ ಬಾಯಿಟ್ಟಳು. ಎರಡು ಗಂಟೆ ಹೊತ್ತು ನಾನು ಹಿತ್ತಲಲ್ಲೇ ಇದ್ದೆ. ಊಟಕ್ಕೆ ಬಂದಾಗ ಮುಖ ಊದಿತ್ತು. ಎರಡು ಮುದ್ದೆ ತಿಂದಳು. ಈ ಮನೆಯಲ್ಲಿ ಅವಳು ಹೊಟ್ಟೆ ತುಂಬ ಉಂಡದ್ದನ್ನು ನೋಡಿ ಎಷ್ಟು ವರ್ಷವಾಗಿತ್ತು.

ಈಗ ಮುಖ್ಯ ವಿಷಯ. ಅವರ ಎದೆಯಲ್ಲಿ ಮತ್ತೆ ಮತ್ತೆ ಕಫ ಕಟ್ಟುತ್ತಿದೆ. ಮುಂದಿನ ಸಲ ಜ್ವರ ಬಂದರೆ ಉಸಿರಾಟದ ಮಿಷನ್ನಿಗೆ ಹಾಕಬೇಕು, ಇಲ್ಲವೇ ಮನೆಯಲ್ಲೇ ನೆಮ್ಮದಿಯಾಗಿ ಹೋಗಲು ಬಿಡಬೇಕು, ನೀವೇ ಯೋಚಿಸಿ, ಅಂತ ಡಾಕ್ಟರು ಜುಲೈನಲ್ಲೇ ಹೇಳಿದ್ದರು. ಮಿಷನ್ ಅಂದರೆ ಗಂಟಲು ಕೊಯ್ಯುತ್ತಾರೆ, ಕೈ ಕಟ್ಟುತ್ತಾರೆ, ಹೊರಗೆ ಬರುತ್ತಾರೆ ಅನ್ನುವ ಭರವಸೆಯೂ ಇಲ್ಲ. ನಾನೂ ಸುನಂದಾಳೂ ಮನೆಯಲ್ಲೇ ಅಂತ ಒಪ್ಪಿದ್ದೆವು. ಈಗ ಒಪ್ಪುವುದಿಲ್ಲ. ಉತ್ತರ ಕೊಡುವ ಮನುಷ್ಯನನ್ನು ಸಾಯಲು ಬಿಡುವುದುಂಟಾ?

ಇನ್ನೊಂದು. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಸುನಂದಾಗೂ ಹೇಳಿಲ್ಲ. ಇವರಾಗಿ ಇವರೇ ಹತ್ತಿದ್ದು ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಹತ್ತಿಸಿದ್ದು ನಾನು. ಆಳುಗಳು ಹೋದ ಮೇಲೆ ತುದಿಕೊಂಬೆಯಲ್ಲಿ ಆರು ಕಾಯಿ ಉಳಿದಿದ್ದವು, ದೋಟಿಗೆ ಎಟಕುತ್ತಿರಲಿಲ್ಲ. “ಅರವತ್ತಾಯ್ತು ಅಂತ ಮರಾನೂ ಮರ್ತ್‌ಬಿಟ್ರಾ?” ಅಂದೆ. ತಮಾಷೆಗೆ ಅಂದೆ. ಅವರು ನಗುತ್ತಾ ಪಂಚೆ ಕಟ್ಟಿಕೊಂಡು ಹತ್ತಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವತ್ತು ಕೊನೆಯ ಹತ್ತು ಸಲ ನಿಮಗೆ ತೋಚಿದ್ದು ಕೇಳಿ ಅಂತ ನೀನು ಹೊರಗೆ ಹೋದೆಯಲ್ಲ. ಆಗ ಕೇಳಿದೆ. ‘ಆ ಮಾತಿಗೆ ನನ್ನ ಮೇಲೆ ಕೋಪ ಇಲ್ಲ ಅಂದರೆ ಒತ್ತಿ’ ಅಂತ. ಅವರ ಗೆರೆ ಎದ್ದಿತು. ನಂಬದೆ ಮತ್ತೆ ಕೇಳಿದೆ. ಮತ್ತೆ ಎದ್ದಿತು. ಹತ್ತಕ್ಕೆ ಹತ್ತು ಸಲವೂ ಅದನ್ನೇ ಕೇಳಿದೆ ನರೇಶ್. ಹತ್ತು ಸಲವೂ ಕ್ಷಮಿಸಿದರು.

ಅವತ್ತಿನಿಂದ ನನಗೆ ನಿದ್ದೆ ಬರುತ್ತಿದೆ. ನಿನ್ನ ಕೈಗೆ ಮುಳ್ಳು ಚುಚ್ಚದಿರಲಿ.

ಭಾರತಮ್ಮ


ಕೋಲಾರ
11-11-2024

ಭಾರತಮ್ಮನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಮೇಡಂ ರೆಕಾರ್ಡಿಂಗ್ ನೋಡುತ್ತಿದ್ದಾರೆ. ಇಂಥವುಗಳಲ್ಲಿ ಒಂದೇ ದಿನದ ಗೆರೆಯನ್ನು ನೆಚ್ಚಿಕೊಳ್ಳಬಾರದು ಅಂತ ಒಂದು ನಿಯಮವಿದೆ. ಮೂರನೇ ಸಲ ಬರಬೇಕಾಗಬಹುದು. ಅಲ್ಲಿಯವರೆಗೆ ಆಸ್ಪತ್ರೆಯ ವಿಷಯದಲ್ಲಿ ನೀವೂ ಸುನಂದಕ್ಕನೂ ಮೊದಲು ಹೇಗೆ ಯೋಚಿಸಿದ್ದಿರೋ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಿರಿ.

ಆರೋಗ್ಯ ನೋಡಿಕೊಳ್ಳಿ.

ನರೇಶ್


ಶ್ರೀನಿವಾಸಪುರ
23-11-2024

ಪ್ರೀತಿಯ ನರೇಶ್,

ಇದೆಂಥ ಕಾಗದ ಮಾರಾಯ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಮೊದಲ ಕಾಗದ ಬರೆದವನು ಒಬ್ಬ, ಇದನ್ನು ಬರೆದವನು ಇನ್ನೊಬ್ಬ ಅನ್ನಿಸಿತು. ಮನೆಯಲ್ಲಿ ಏನಾದರೂ ತೊಂದರೆಯಾ? ಅಮ್ಮನಿಗೆ ಮೈ ಹುಷಾರಿದೆಯಾ? ಇಲ್ಲ, ನಾನು ಮರದ ವಿಷಯ ಬರೆದದ್ದಕ್ಕೆ ನಿನಗೆ ನನ್ನ ಮೇಲೆ ಅಸಹ್ಯ ಬಂತಾ? ಬಂದರೂ ತಪ್ಪಿಲ್ಲ. ಆದರೆ ನೀನು ಕೋಪಿಸಿಕೊಳ್ಳಬೇಕಾಗಿಲ್ಲ, ಕೋಪಿಸಿಕೊಳ್ಳಬೇಕಾದವರೇ ಬಿಟ್ಟಿದ್ದಾರೆ.

ಮೂರನೇ ಸಲವೂ ಬಾ, ಮೂವತ್ತನೇ ಸಲವೂ ಬಾ. ಮಂಚ ಮಾತ್ರ ತಿರುಗಿಸಬೇಡ.

ಆಸ್ಪತ್ರೆಯ ವಿಷಯ ತೀರ್ಮಾನವಾಗಿದೆ. ಎರಡು ದಿನದಿಂದ ಅವರ ಎದೆ ಗೊರಗೊರ ಅನ್ನುತ್ತಿದೆ. ಆ್ಯಂಬುಲೆನ್ಸ್ ನಂಬರನ್ನು ಬಾಗಿಲ ಹಿಂದೆ ಅಂಟಿಸಿದ್ದೇನೆ. ಜ್ವರ ಏರಿದ ತಕ್ಷಣ ಮಿಷನ್ನಿಗೆ ಹಾಕಿಸುತ್ತೇನೆ. ಸುನಂದಾಳೂ ಈಗ ನನ್ನ ಕಡೆ. ಅಪ್ಪನಿಗೆ ಅವಳು ಹೇಳಬೇಕಾದದ್ದು ಇನ್ನೂ ಮುಗಿದಿಲ್ಲವಂತೆ.

ಮಾವಿನಕಾಯಿ ಉಪ್ಪಿನಕಾಯಿಯನ್ನು ಅಶ್ವತ್ಥಮ್ಮನ ತಮ್ಮನ ಕೈಲಿ ಕಳಿಸಿದ್ದೇನೆ. ನಮ್ಮ ಮರದ್ದಲ್ಲ, ಬೇರೆ ಮರದ್ದು.

ಭಾರತಮ್ಮ


ಮಾಲೂರು
30-11-2024

ಅಮ್ಮ,

ಈ ಕಾಗದವನ್ನು ಕೂತುಕೊಂಡು ಓದಿ.

ಸೆಪ್ಟೆಂಬರ್ ಹದಿನೆಂಟರಂದು ಕೆಳಗಿನ ಗೆರೆ ಎದ್ದದ್ದು ಅಪ್ಪಾಜಿಯವರ ಕೈಯಿಂದ ಅಲ್ಲ. ನಿಮ್ಮ ಕೈಯಿಂದ.

ಅಕ್ಟೋಬರ್ ಮೂರನೇ ವಾರದಲ್ಲಿ ಎರಡೂ ಗೆರೆಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ನಿಮ್ಮದು ಎದ್ದ ಕ್ಷಣದಲ್ಲೇ ಅವರದೂ ಏಳುತ್ತಿತ್ತು, ನಿಮ್ಮದು ಇಳಿದ ಕ್ಷಣದಲ್ಲೇ ಇಳಿಯುತ್ತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವ ಮನುಷ್ಯನೂ ಹಾಗೆ ಒತ್ತಲಾರ. ಕೇಳಿಸಿ, ಅರ್ಥವಾಗಿ, ಅದು ಕೈಗೆ ಇಳಿಯಲು ಹೊತ್ತು ಬೇಕು. ಪೆಟ್ಟಿಗೆ ಬಿಚ್ಚಿದೆ.

ಅಪ್ಪಾಜಿಯವರ ತಂತಿಯ ತುದಿ ಸ್ಕ್ರೂವಿನ ಅಡಿಯಲ್ಲೇ ಇತ್ತು. ಆದರೆ ಸ್ಕ್ರೂ ತಾಮ್ರವನ್ನು ಕಚ್ಚಿರಲಿಲ್ಲ, ತಾಮ್ರದ ಮೇಲಿನ ಪ್ಲಾಸ್ಟಿಕ್ಕನ್ನು ಕಚ್ಚಿತ್ತು. ಎಳೆದು ನೋಡಿದರೆ ಗಟ್ಟಿ, ಒಳಗೆ ಸಂಪರ್ಕವೇ ಇಲ್ಲ. ಹೊಸ ತಂತಿ ಹಾಕುವ ಗಡಿಬಿಡಿಯಲ್ಲಿ ನಾನೇ ಹಾಗೆ ಬಿಗಿದಿದ್ದೆ. ಪೆಟ್ಟಿಗೆಯೊಳಗೆ ಅಳೆಯುವ ಸಾಧನ ಒಂದೇ ಇರುವುದು. ಮೊದಲ ದಾರಿಯನ್ನು ಅಳೆದು, ಅದರಲ್ಲೇ ಎರಡನೆಯದನ್ನು ಅಳೆಯುತ್ತದೆ. ಎರಡನೆಯದರಲ್ಲಿ ಏನೂ ಬರದಿದ್ದರೆ ಮೊದಲನೆಯದರ ಶೇಷವೇ ಅಲ್ಲಿ ಕಾಣುತ್ತದೆ. ಡೇರಿಯಲ್ಲಿ ಒಬ್ಬರ ಹಾಲು ಅಳೆದ ಪಾತ್ರೆಯ ತಳದಲ್ಲಿ ಉಳಿದದ್ದು ಮುಂದಿನವರ ಹಾಲಾಗಿ ಕಾಣುವುದಿಲ್ಲವೇ, ಹಾಗೆ. ಹೀಗಾಗದಿರಲಿ ಅಂತಲೇ ಪ್ರತಿ ದಾರಿಗೂ ಒಂದು ಸಣ್ಣ ರೆಸಿಸ್ಟರ್ ಹಾಕುತ್ತಾರೆ. ತಂತಿ ಬಿಟ್ಟುಹೋದರೆ ಗೆರೆ ಸೊನ್ನೆಗೆ ಬೀಳುತ್ತದೆ. ನಾನು ಅದನ್ನೂ ಹಾಕಿರಲಿಲ್ಲ.

ಆಗಸ್ಟಿನಲ್ಲಿ ತಂತಿ ಸರಿಯಾಗಿತ್ತು. ಅವತ್ತು ಗೆರೆ ಏಳಲಿಲ್ಲ. ಅದು ಹೆಸರು ಹಿಡಿದು ಕರೆಯದ್ದರಿಂದ ಅಲ್ಲ.

ಮೇಡಂಗೆ ಹೇಳಿದೆ. ಅವತ್ತಿನ ರೆಕಾರ್ಡಿಂಗ್ ರದ್ದು ಅಂತ ಬರೆದು, ಮನೆಯವರಿಗೆ ಕೂಡಲೇ ತಿಳಿಸು ಅಂದರು. ಮಾರನೇ ದಿನ ನಿಮ್ಮ ಕಾಗದ ಬಂತು. ಹತ್ತು ಸಲ ಕೇಳಿದೆ ಅಂತ ಬರೆದಿದ್ದಿರಿ. ಓದಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೇಗೆ ತಿಳಿಸಲಿ? ‘ಕೋಪ ಇದ್ದರೆ ಒತ್ತಿ’ ಅಂತ ಕೇಳಿದ್ದರೂ ಅದು ಏಳುತ್ತಿತ್ತು ಅಮ್ಮ. ತಿಳಿಸಿದ್ದೇನೆ ಅಂತ ಮೇಡಂಗೆ ಸುಳ್ಳು ಹೇಳಿದೆ. ನಿಮಗೆ ಆ ನಾಲ್ಕು ಸಾಲು ಬರೆದೆ. ನಿಮಗೆ ನಿದ್ದೆ ಬರುತ್ತಿದೆಯಲ್ಲ, ಬರಲಿ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಹೆದರಿಕೆ.

ಆ್ಯಂಬುಲೆನ್ಸ್ ನಂಬರಿನ ವಿಷಯ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಫೋನ್ ಮಾಡೋಣ ಅಂತ ಮೂರು ಸಲ ನಂಬರ್ ಒತ್ತಿದೆ. ಕಿಟಕಿ ನೆನಪಾಗಿ ಇಟ್ಟುಬಿಟ್ಟೆ.

ಒಂದು ಮಾತು. ನಮ್ಮ ಪೆಟ್ಟಿಗೆಗೆ ಕೈ ಮಾತ್ರ ಗೊತ್ತು. ಅವರಿಗೆ ಕೇಳಿಸುವುದೇ ಇಲ್ಲ ಅಂತ ಅದು ಹೇಳಿಲ್ಲ. ಇದು ಸಮಾಧಾನಕ್ಕೆ ಹೇಳಿದ್ದಲ್ಲ.

ನಿಮ್ಮ ಕಾಲಿಗೆ ಬೀಳುತ್ತೇನೆ.

ನರೇಶ್


ಶ್ರೀನಿವಾಸಪುರ
20-1-2025

ನರೇಶ್,

ನಿನ್ನ ಕಾಗದ ಡಿಸೆಂಬರ್ ನಾಲ್ಕಕ್ಕೆ ಬಂತು. ಒಂಬತ್ತನೇ ತಾರೀಕು ಜ್ವರ ಏರಿತು. ಹದಿಮೂರಕ್ಕೆ ಅವರು ಹೋದರು. ಕರ್ಮಾದಿಗಳೆಲ್ಲ ಮುಗಿದವು. ಈಗ ಬರೆಯಲು ಕೈ ಬಿಡುವಾಗಿದೆ.

ಮೊದಲು ನಿನ್ನ ಮೇಲಿನ ಕೋಪ ಬರೆದುಬಿಡುತ್ತೇನೆ, ಒಳಗಿಟ್ಟುಕೊಂಡರೆ ಕೊಳೆಯುತ್ತದೆ. ಸ್ಕ್ರೂ ತಪ್ಪು ಬಿಗಿದದ್ದಕ್ಕೆ ಕೋಪವಿಲ್ಲ. ಹೊಸ ತಂತಿ ಯಾಕೆ ಹಾಕಬೇಕಾಯಿತು ಅನ್ನುವುದನ್ನು ನೀನು ಬೇಕೆಂದೇ ಬಿಟ್ಟಿದ್ದೀಯ, ನನಗೆ ತಿಳಿಯುವುದಿಲ್ಲವಾ? ಮಂಚ ಮುಟ್ಟಬೇಡ ಅಂದವಳು ನಾನು. ಕೋಪ ಇರುವುದು ಆ ಆರು ವಾರಕ್ಕೆ. ಆರು ವಾರ ನಾನು ಆ ಮನುಷ್ಯನ ಪಕ್ಕದಲ್ಲಿ ಕ್ಷಮೆ ಸಿಕ್ಕಿದವಳ ಹಾಗೆ ಕೂತಿದ್ದೆ. ತಲೆ ಬಾಚಿಕೊಂಡು ಹೂ ಮುಡಿದಿದ್ದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜ್ವರ ಬಂದ ಬೆಳಿಗ್ಗೆ ಸುನಂದ ಇಲ್ಲೇ ಇದ್ದಳು. ನಿನ್ನ ಕಾಗದದ ವಿಷಯ ಅವಳಿಗೆ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಅವಳು ಅಪ್ಪನ ಕಿವಿಯ ಹತ್ತಿರ ಏನೋ ಪಿಸುಗುಟ್ಟುತ್ತಿರುತ್ತಿದ್ದಳು. ಅವಳೇ ಫೋನ್ ಮಾಡಿದಳು, ಆ್ಯಂಬುಲೆನ್ಸ್ ಬಂದು ಅಂಗಳದಲ್ಲಿ ನಿಂತಿತು. ಒಂದು ನಿಮಿಷ ತಾಳಿ ಅಂದು ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅವರ ಕೈ ಹಿಡಿದೆ. ತಂತಿ ಇಲ್ಲ, ಉಂಡೆ ಇಲ್ಲ. ಬರೀ ಕೈ, ಕಾದ ಹೆಂಚಿನಂತೆ ಸುಡುತ್ತಿತ್ತು. ಹೆಸರು ಹಿಡಿದು ಕರೆದೆ. ಮೊದಲು ನನ್ನ ಪ್ರಶ್ನೆ ಕೇಳಿದೆ, ಅದೇ ಪ್ರಶ್ನೆ. ಕಾದೆ. ಕೈ ಸುಮ್ಮನಿತ್ತು. ಆಮೇಲೆ, ಆಸ್ಪತ್ರೆಗೆ ಹೋಗೋಣವಾ, ಮನೆಯಲ್ಲೇ ಇರೋಣವಾ ಅಂತ ಕೇಳಿದೆ. ಅದಕ್ಕೂ ಸುಮ್ಮನಿತ್ತು. ಹೊರಗೆ ಗಾಡಿಯವನು ಹಾರ್ನ್ ಮಾಡಿದ.

ಬಾಗಿಲು ತೆಗೆದು ಸುನಂದಾಗೆ ಹೇಳಿದೆ: “ನಿಮ್ಮಪ್ಪನ್ನೇ ಕೇಳ್ದೆ ಕಣೇ. ಮನೇಲೇ ಇರ್ತೀನಿ ಅಂತ ಕೈ ಒತ್ತಿದ್ರು.”

“ನಿಜವಾಗ್ಲೂ? ಎಷ್ಟು ಸಲ?” ಅಂದಳು.

“ಎರಡು ಸಲ,” ಅಂದೆ.

ಅವಳು ಅಳುತ್ತಾ ಗಾಡಿ ವಾಪಸ್ ಕಳಿಸಿದಳು. ನಾಲ್ಕು ದಿನ ಅವರ ಪಕ್ಕ ಬಿಟ್ಟು ಏಳಲಿಲ್ಲ. ಹದಿಮೂರರ ಬೆಳಿಗ್ಗೆ ಹತ್ತು ಗಂಟೆಗೆ, ಅವಳೇ ತುಳಸಿ ನೀರು ಬಿಟ್ಟಳು, ಉಸಿರು ನಿಂತಿತು. ಗಂಟಲು ಕೊಯ್ಯಲಿಲ್ಲ, ಕೈ ಕಟ್ಟಲಿಲ್ಲ. ನಿನ್ನ ಕಾಗದ ಬರದೆ ಹೋಗಿದ್ದರೆ ನಾನು ಅವೆರಡನ್ನೂ ಮಾಡಿಸಿರುತ್ತಿದ್ದೆ. ಅಷ್ಟು ಮಟ್ಟಿಗೆ ನಿನ್ನ ಋಣ ನನ್ನ ಮೇಲಿದೆ.

ನನಗೆ ಉತ್ತರ ಸಿಗಲಿಲ್ಲ. ಇನ್ನು ಸಿಗುವುದೂ ಇಲ್ಲ. ಅದನ್ನು ನಾನು ಇಟ್ಟುಕೊಳ್ಳುತ್ತೇನೆ, ಅದು ನನ್ನದು. ಆದರೆ ಸುನಂದಾಗೆ ಅಪ್ಪ ತನ್ನ ಮಾತು ಕೇಳಿಸಿಕೊಂಡು ಹೋದರು ಅಂತ ಇದೆ. ಈಗ ಬಂದಾಗಲೆಲ್ಲ ಅಪ್ಪನ ಕುರ್ಚಿಯಲ್ಲಿ ಕೂತು, ಅವರ ಹಾಗೇ ಕಾಲು ಚಾಚಿಕೊಂಡು ಕಾಫಿ ಕುಡಿಯುತ್ತಾಳೆ. ನಿನ್ನ ಕಾಗದವನ್ನು ಒಲೆಗೆ ಹಾಕಿದೆ.

ಇಪ್ಪತ್ತೊಂಬತ್ತನೇ ತಾರೀಕು ಬುಧವಾರ ಅವಳು ನಿಮ್ಮ ಲ್ಯಾಬಿಗೆ ಬರುತ್ತಾಳೆ. ಬೇಡ ಅಂದೆ, ಕೇಳುತ್ತಿಲ್ಲ. ಸೆಪ್ಟೆಂಬರ್ ಹದಿನೆಂಟರ ಆ ಗೆರೆಯ ಹಾಳೆ ಬೇಕಂತೆ, ಅಪ್ಪನ ಫೋಟೋ ಪಕ್ಕದಲ್ಲಿ ಕಟ್ಟು ಹಾಕಿಸಿ ಇಡುತ್ತಾಳಂತೆ. ರದ್ದಾಗಿದೆ ಅಂತ ಹೇಳಬೇಡ. ಪ್ರಿಂಟ್ ತೆಗೆದು ಕೊಡು. ಮೇಡಂ ಕೇಳಿದರೆ ನನ್ನ ಹೆಸರು ಹೇಳು.

ಹಾಳೆಯ ಮೇಲೆ ಎರಡು ಗೆರೆ ಇರುತ್ತವೆ. ಅಪ್ಪಂದು ಯಾವುದು ಅಂತ ಅವಳು ಕೇಳುತ್ತಾಳೆ. ತೋರಿಸು.

ಭಾರತಮ್ಮ